ಹಳೇದು ಕೊಟ್ಟು ಹೊಸದು ತಗೋ

ಮಕ್ಕಳು ಬೆನ್ನ ಹಿಂದೆ ಅವರನ್ನು ಬೀಗದ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಸಿಟ್ಟಾಗುವ ಬದಲು ಬಿರುದೆಂದು ಎದೆಗೆ ತಗುಲಿಸಿಕೊಂಡಿದ್ದರು.

ಸಂಬಳ ಬರುತ್ತಿದ್ದದ್ದು ಡ್ರಿಲ್ ಮಾಡಿಸುವುದಕ್ಕೆ, ಆಟ ಕಲಿಸುವುದಕ್ಕೆ. ಸ್ಟೋರ್ ರೂಮಿನ ಉಸ್ತುವಾರಿ ಅದರ ಮೇಲೆ ಹೊರಿಸಿದ ಹೆಚ್ಚಿನ ಹೊಣೆ. ಆದರೆ ಮನುಷ್ಯ ಸಂಬಳಕ್ಕೆ ಮಾಡುವ ಕೆಲಸ ಬೇರೆ, ಪ್ರೀತಿಗೆ ಮಾಡುವ ಕೆಲಸ ಬೇರೆ. ಡ್ರಿಲ್ ಹೊತ್ತಿನಲ್ಲಿ ಅವರ ಸೀಟಿ ಮಕ್ಕಳ ಕಡೆಗಿರುತ್ತಿತ್ತು, ಕಣ್ಣು ಸ್ಟೋರ್ ರೂಮಿನ ಚಿಲಕದ ಕಡೆಗೆ.

ಸ್ಟೋರ್ ರೂಮೆಂದರೆ ಹೆಡ್‌ಮೇಷ್ಟ್ರ ಕೋಣೆಗೆ ಅಂಟಿಕೊಂಡ ಒಂದು ಕತ್ತಲೆ ಕೋಣೆ. ಬಾಗಿಲಿಗೆ ಎರಡು ಬೀಗ, ಒಳಗಿನ ಬೀರುವಿಗೆ ಒಂದು. ಕೊಡುವುದು ತೆಗೆದುಕೊಳ್ಳುವುದೆಲ್ಲ ವರಾಂಡದ ಕಡೆಗಿದ್ದ ಚಿಕ್ಕ ಕಿಟಕಿಯಿಂದ. ಅಲ್ಲಿ ನಡೆಯುತ್ತಿದ್ದದ್ದು ಒಂದೇ ನಿಯಮ: ಹಳೇದು ಕೊಟ್ಟು ಹೊಸದು ತಗೋ. ಪೊರಕೆ ಬೇಕಾದರೆ ಆಯಾ ಸವೆದ ಪೊರಕೆಯ ಬುಡ ತರಬೇಕು. ಬಲ್ಬು ಬೇಕಾದರೆ ಸುಟ್ಟ ಬಲ್ಬು. ಚೆಂಡು ಬೇಕಾದರೆ ಒಡೆದ ಚೆಂಡಿನ ಚರ್ಮ. ಸೀಮೆಸುಣ್ಣಕ್ಕೆ ಉಗುರಿನಷ್ಟು ಚೂರಾದರೂ ಸಾಕು, ಆದರೆ ಬರಿಗೈಯಲ್ಲಿ ಬಂದವರು ಬರಿಗೈಯಲ್ಲೇ ಹೋಗಬೇಕು. ಒಮ್ಮೆ ಗಣಿತದ ಮೇಷ್ಟ್ರು ಆ ಚೂರನ್ನೂ ಕಳೆದುಕೊಂಡು ಇಡೀ ದಿನ ಬಾಯಲ್ಲೇ ಲೆಕ್ಕ ಹೇಳಿಕೊಟ್ಟರು. ಮಕ್ಕಳ ಬುದ್ಧಿ ಚುರುಕಾಯಿತೆಂದು ಬೀಗದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೆಮ್ಮೆಪಟ್ಟರು.

ನಿಯಮ ಆಕಾಶದಿಂದ ಉದುರಿದ್ದಲ್ಲ. ಅವರಿಗಿಂತ ಮುಂಚೆ ಸ್ಟೋರ್ ನೋಡಿಕೊಳ್ಳುತ್ತಿದ್ದವರ ಕಾಲದಲ್ಲಿ ಶಾಲೆಯ ಬಕೆಟ್ಟುಗಳು ಊರಿನ ಬಚ್ಚಲುಗಳಲ್ಲಿ ಸಂಸಾರ ಹೂಡಿದ್ದವು. ಶಾಲೆಯ ಬೆಂಚೊಂದು ಕ್ಷೌರದಂಗಡಿಯಲ್ಲಿ ಸಿಕ್ಕಿತ್ತು. ಇವರು ಬಂದ ಮೇಲೆ ಒಂದು ಗುಂಡುಸೂಜಿಯೂ ಹೊರಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಬೇರೆ ಏನೂ ಹೊರಗೆ ಹೋಗಲಿಲ್ಲ. ದಾನಿಯೊಬ್ಬರು ಕೊಟ್ಟ ಭೂಗೋಳ ಪ್ಲಾಸ್ಟಿಕ್ ಹೊದ್ದುಕೊಂಡು ಬೀರುವಿನ ಮೇಲೆ ಕೂತಿತ್ತು. ಮುಟ್ಟಿದರೆ ಬಣ್ಣ ಹೋಗುತ್ತದಲ್ಲ. ಭೂಮಿ ಗುಂಡಗಿದೆ ಎನ್ನುವುದನ್ನು ಆ ಶಾಲೆಯ ಮಕ್ಕಳು ಬರಿಯ ನಂಬಿಕೆಯ ಮೇಲೆ ಒಪ್ಪಿಕೊಂಡು ಮುಂದಿನ ತರಗತಿಗೆ ಹೋಗುತ್ತಿದ್ದರು.

ಬೀಗದ ಆಚೆಗೆ ಅವರಿಗೊಂದು ಕನಸಿತ್ತು: ಹುಡುಗಿಯರ ವಾಲಿಬಾಲ್ ತಂಡ. ನಿವೃತ್ತಿಗೆ ಮುಂಚೆ ಒಂದು ಸಲ, ಒಂದೇ ಒಂದು ಸಲ, ಸುತ್ತಲಿನ ಶಾಲೆಗಳನ್ನೆಲ್ಲ ಸೋಲಿಸಿ ಕಪ್ಪು ತರಬೇಕು. ತಂದರೆ ಅದಕ್ಕೂ ಬೀರುವಿನಲ್ಲಿ ಜಾಗ ಬಿಟ್ಟಿದ್ದರು. ಆ ಕನಸಿಗೆ ಕೈಕಾಲು ಬಂದದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯಿಂದ. ಅವಳ ಎತ್ತರ ನೋಡಿ ಎಲ್ಲರೂ ಏಣಿ ಎನ್ನುತ್ತಿದ್ದರು. ನೆಟ್ಟಿನ ಮುಂದೆ ನಿಂತರೆ ಚೆಂಡಿಗೆ ಆಚೆ ಹೋಗಲು ಅವಳ ಅಪ್ಪಣೆ ಬೇಕಿತ್ತು.

ತಂಡಕ್ಕೆ ಒಂದೇ ರೋಗ. ತಿಂಗಳಲ್ಲಿ ಕೆಲವು ದಿನ ಇವಳಿಲ್ಲ, ಕೆಲವು ದಿನ ಅವಳಿಲ್ಲ. ಕೇಳಿದರೆ ಹೊಟ್ಟೆನೋವು.

"ಈ ಹುಡುಗೀರ ಹೊಟ್ಟೇಲಿ ಅದೇನು ಸೇರ್ಕೊಂಡಿದೆಯೋ!" ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಗೊಣಗುತ್ತಿದ್ದರು. "ಎರಡು ಸುತ್ತು ಜಾಸ್ತಿ ಓಡಿಸಿದ್ರೆ ಎಲ್ಲಾ ಇಳಿಯುತ್ತೆ."

ಹೊಸದಾಗಿ ಬಂದಿದ್ದ ವಿಜ್ಞಾನದ ಟೀಚರ್ ತಲೆಯೆತ್ತಿ, "ಸಾರ್, ಅದು ಓಡಿಸಿದ್ರೆ ಇಳಿಯೋದಲ್ಲ..." ಎನ್ನುವಷ್ಟರಲ್ಲಿ ಹೆಡ್‌ಮೇಷ್ಟ್ರು ಕೆಮ್ಮಿದರು. ಹೆಡ್‌ಮೇಷ್ಟ್ರಿಗೆ ಯಾವಾಗ ಕೆಮ್ಮು ಬರುತ್ತದೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಟೀಚರ್‌ಗೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವಳು ಮತ್ತೆ ಪುಸ್ತಕಕ್ಕೆ ತಲೆ ತಗ್ಗಿಸಿದಳು.

ಏಣಿಗೆ ತಾಯಿಯಿಲ್ಲ. ತಂದೆ ಲಾರಿ ಓಡಿಸುತ್ತಿದ್ದ, ಮನೆಗೆ ಬಂದಾಗಷ್ಟೇ ತಂದೆ. ಅವಳನ್ನು ಸಾಕಿದವಳು ಅಜ್ಜಿ. ಅಕ್ಕಿ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಕೂತು ಹರಿದ ಗೋಣಿಚೀಲ ಹೊಲಿಯುವುದು ಅಜ್ಜಿಯ ಕೆಲಸ. ದೊಡ್ಡ ದಬ್ಬಳವನ್ನು ತುರುಬಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದಳು. ಅದಕ್ಕಿಂತ ಚೂಪಾದದ್ದು ಅವಳ ನಾಲಿಗೆ. ಕಣ್ಣು ಮಂಜಾಗುತ್ತಿತ್ತು, ದಾರ ಪೋಣಿಸಲು ಒಬ್ಬರು ಬೇಕಿತ್ತು. ಮೊಮ್ಮಗಳ ಉದ್ದ ಕೈಗಳು ಶಾಲೆಯಲ್ಲಿ ಸುಮ್ಮನೆ ಚೆಂಡು ತಟ್ಟುತ್ತಿರುವುದು ಅವಳಿಗೆ ಹೊಟ್ಟೆಯುರಿ.

ಹಿಂದಿನ ವರ್ಷ ಅಜ್ಜಿಗೆ ಒಂದು ನೆಪ ಸಿಕ್ಕಿತು. ತರಗತಿಯಲ್ಲಿ ಏಣಿಯ ಲಂಗಕ್ಕೆ ಕಲೆಯಾಗಿ, ಬೆಂಚಿನಿಂದ ಎದ್ದಾಗ ಹಿಂದಿನವರು ಕಿಸಕ್ಕೆಂದು, ಹುಡುಗಿ ಹಿತ್ತಿಲ ಓಣಿಗಳಲ್ಲಿ ಸುತ್ತಿ ಬಳಸಿ ಅಳುತ್ತ ಮನೆ ಸೇರಿದ್ದಳು. ಮರುದಿನವೇ ಪುಸ್ತಕದ ಚೀಲ ಅಟ್ಟ ಹತ್ತಿತು. ತನ್ನ ಎತ್ತರದ ಆಟಗಾರ್ತಿ ಕೈತಪ್ಪಿದಳೆಂದು ಬೀಗದ ಮೇಷ್ಟ್ರು ಗಿರಣಿಗೆ ಓಡಿದರು. ಏನಾಗಿತ್ತೆಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಏನೋ ಅವಮಾನವಾಯಿತಂತೆ ಎನ್ನುವಷ್ಟು ತಿಳಿದಿತ್ತು, ಅದಕ್ಕಿಂತ ಹೆಚ್ಚು ತಿಳಿಯುವುದು ಗಂಡಸಿಗೆ ಶೋಭೆಯಲ್ಲವೆಂದುಕೊಂಡಿದ್ದರು.

"ನನ್ನ ಜವಾಬ್ದಾರಿ ಅಜ್ಜಿ," ಎಂದು ಎದೆ ಮುಟ್ಟಿಕೊಂಡು ಹೇಳಿದ್ದರು. "ಇನ್ಮೇಲೆ ನಿಮ್ಮ ಹುಡುಗಿಗೆ ನಮ್ಮ ಶಾಲೇಲಿ ಒಂದು ಮಾತೂ ಬರಲ್ಲ."

"ನೋಡಿ ಮೇಷ್ಟ್ರೇ, ನಿಮ್ಮ ಮುಖ ನೋಡಿ ಕಳಿಸ್ತೀನಿ. ಇನ್ನೊಂದು ಸಲ ಅವಳು ಅಳ್ತಾ ಬಂದ್ಲೋ, ಅದೇ ಕೊನೆ. ಆಮೇಲೆ ನೀವು ಅಡ್ಡಬಿದ್ರೂ ಕಳಿಸಲ್ಲ."

ಹೀಗೆ ಒಂಬತ್ತನೇ ತರಗತಿಗೆ ಅವಳು ಬಂದದ್ದು ಮೇಷ್ಟ್ರ ಮಾತಿನ ಮೇಲೆ. ಮಾತಿಗೆ ತಪ್ಪಿದರೆ ಅವರಿಗೆ ಹೋಗುವುದು ಒಂದು ಕಪ್ಪು. ಅವಳಿಗೆ ಹೋಗುವುದು ಓದು.

ಈ ಸಂದರ್ಭದಲ್ಲಿ ಇಲಾಖೆಯಿಂದ ಒಂದು ಜೀಪು ಬಂದು ಕೆಲವು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿತು. ಹಳ್ಳಿ ಶಾಲೆಗಳ ಹುಡುಗಿಯರಿಗೆ ಪುಕ್ಕಟೆ ಪ್ಯಾಡು. ಜೊತೆಗೊಬ್ಬ ಸಾಹೇಬರು. ಅವರು ವೇದಿಕೆಯ ಮೇಲೆ ನಿಂತು ಸಾಕಷ್ಟು ಹೊತ್ತು ಮಾತಾಡಿದರು. ಆರೋಗ್ಯ ಎಂದರು, ಸ್ವಚ್ಛತೆ ಎಂದರು, ನಾಳಿನ ತಾಯಂದಿರು ಎಂದರು, ಆ ಸಾಮಗ್ರಿ ಎಂದರು, ಈ ಸೌಲಭ್ಯ ಎಂದರು. ಪೆಟ್ಟಿಗೆಯೊಳಗೆ ಏನಿದೆ ಎನ್ನುವುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿ ಇಳಿದರು. ಫೋಟೋಗೆ ಒಂದು ಪೆಟ್ಟಿಗೆಯನ್ನು ಹೆಡ್‌ಮೇಷ್ಟ್ರ ಕೈಗೆ ಕೊಟ್ಟಾಗ ಅವರು ಅದನ್ನು ಪಟಾಕಿ ಡಬ್ಬದಂತೆ ಮೈಯಿಂದ ದೂರ ಹಿಡಿದುಕೊಂಡರು.

ಜೀಪು ಹೋದ ಮೇಲೆ ಪೆಟ್ಟಿಗೆಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು.

"ಹುಡುಗೀರ ಶೌಚಾಲಯದ ಪಕ್ಕದಲ್ಲಿ ಒಂದು ಖಾಲಿ ರೂಮಿದೆ ಸಾರ್, ಅಲ್ಲೇ ಇಡಬಹುದು," ಎಂದಳು ವಿಜ್ಞಾನದ ಟೀಚರ್.

"ಬೀಗ ಇಲ್ಲದ ರೂಮಲ್ಲಾ?" ಬೀಗದ ಮೇಷ್ಟ್ರು ಸೊಂಟದ ಬೀಗದ ಕೈ ಮುಟ್ಟಿಕೊಂಡರು.

"ಸಾಮಾನು ಅಂದ್ಮೇಲೆ ಸ್ಟೋರ್‌ಗೆ," ಎಂದು ಹೆಡ್‌ಮೇಷ್ಟ್ರು ಪೆಟ್ಟಿಗೆಗಳ ಕಡೆ ನೋಡದೆ ತೀರ್ಪು ಕೊಟ್ಟು ಒಳಗೆ ಹೋದರು.

ಸಾಮಾನು ಸ್ಟೋರಿಗೆ ಹೋಯಿತು, ಭೂಗೋಳದ ಕೆಳಗೆ. ಸ್ಟೋರಿಗೆ ಹೋದ ಮೇಲೆ ಸ್ಟೋರಿನ ನಿಯಮ. ಈ ಪ್ಯಾಡೆಂಬುದರ ವಿಷಯದಲ್ಲಿ ಮೇಷ್ಟ್ರಿಗಿದ್ದ ತಿಳಿವಳಿಕೆ ಇಷ್ಟು: ಅದು ಹೆಂಗಸರ ವಿಷಯ, ಬಟ್ಟೆಯಂಥದ್ದು, ಗಾಯದ ಪಟ್ಟಿಯ ಹಾಗೆ ಏನೋ. ಒಗೆದು ಬಳಸುತ್ತಾರೋ ಬಿಸಾಡುತ್ತಾರೋ ಎಂದು ಯೋಚಿಸುವ ಅಗತ್ಯ ಅವರಿಗೆ ಕಾಣಲಿಲ್ಲ. ಬಕೆಟ್ಟು ಯಾಕೆ ತೂತಾಗುತ್ತದೆಂದು ಯೋಚಿಸಿ ಬಕೆಟ್ಟು ಕೊಡುವವರುಂಟೇ?

"ಸಾರ್," ಎಂದು ಟೀಚರ್ ಮರುದಿನ ಕಿಟಕಿಯ ಬಳಿ ಬಂದಳು. "ಆ ಪೆಟ್ಟಿಗೆಗಳ ವಿಷಯ. ಅದಕ್ಕೆ ಈ ಹಳೇದು ಹೊಸದು ಆಗಲ್ಲ ಸಾರ್."

"ನಿಯಮ ಅಂದ್ಮೇಲೆ ಎಲ್ಲದಕ್ಕೂ ಒಂದೇ ಕಣಮ್ಮ. ಗಣಿತದ ಮೇಷ್ಟ್ರಿಗೇ ಬಿಡ್ಲಿಲ್ಲ, ಇನ್ನು ಹುಡುಗೀರಿಗೆ ಬಿಡ್ತೀನಾ? ಇವತ್ತು ಹತ್ತು ಒಯ್ದು ನಾಳೆ ಗೊಂಬೆಗೆ ಹಾಸಿಗೆ ಮಾಡ್ತಾರೆ."

"ಅದು ಹಾಗಲ್ಲ ಸಾರ್, ಅದು..."

ಪಕ್ಕದ ಕೋಣೆಯಿಂದ ಕೆಮ್ಮು ಕೇಳಿಸಿತು. ಟೀಚರ್ ತುಟಿ ಕಚ್ಚಿಕೊಂಡು ಹೋದಳು. ಓದಿದ ಹುಡುಗಿ, ಪಾಠದಲ್ಲಿ ಆ ಅಧ್ಯಾಯ ಬಂದಾಗ ತಾನೂ 'ಇದನ್ನು ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ತಿರುವಿದವಳು. ಅವಳ ಸಂಕೋಚಕ್ಕೂ ಹೆಡ್‌ಮೇಷ್ಟ್ರ ಕೆಮ್ಮಿಗೂ ಇದ್ದ ವ್ಯತ್ಯಾಸ ಪದವಿಯದ್ದು ಮಾತ್ರ.

ಯಾರೂ ಕಿಟಕಿಗೆ ಬರಲಿಲ್ಲ. ಬರುವುದು ಹೇಗೆ? ಕಿಟಕಿಯ ಎದುರಿಗೇ ಗಂಡುಹುಡುಗರು ಚೆಂಡಿಗೆ ಸಾಲು ನಿಲ್ಲುತ್ತಿದ್ದರು. ಹುಡುಗಿಯರು ಎಂದಿನಂತೆ ಮನೆಯಲ್ಲಿ ಉಳಿದರು, ಎಂದಿನಂತೆ ಹೊಟ್ಟೆನೋವೆಂದರು. ಇಲಾಖೆಯವರು ವಿಚಾರಿಸಿದಾಗ, ಸಾಮಗ್ರಿ ಸುರಕ್ಷಿತವಾಗಿದೆ, ಒಂದೂ ಖರ್ಚಾಗಿಲ್ಲ, ಈ ಶಾಲೆಯ ಹುಡುಗಿಯರಿಗೆ ಅದರ ಅವಶ್ಯಕತೆಯೇ ಇದ್ದಂತಿಲ್ಲ ಎಂದು ಹೆಡ್‌ಮೇಷ್ಟ್ರು ತೃಪ್ತಿಯಿಂದ ತಿಳಿಸಿದರು. ಇಲಾಖೆಗೂ ತೃಪ್ತಿಯಾಯಿತು.

ಪಂದ್ಯ ಹತ್ತಿರ ಬಂತು. ಅಭ್ಯಾಸ ಜೋರಾಯಿತು. ಒಂದು ಸಂಜೆ ಬೀಗದ ಮೇಷ್ಟ್ರು ಕಿಟಕಿಯೊಳಗೆ ನಿಂತು ಹುಡುಗರಿಗೆ ಚೆಂಡು ಹಂಚುತ್ತಿದ್ದಾಗ ಏಣಿ ಬಂದಳು. ಆಟದ ನಡುವಿನಿಂದ ಬಂದಿದ್ದಳು. ಸ್ವೆಟರನ್ನು ಸೊಂಟಕ್ಕೆ ಸುತ್ತಿಕೊಂಡಿದ್ದಳು. ಸಾಲಿನ ಪಕ್ಕದಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದಳು:

"ಸಾರ್, ಒಂದು ಬೇಕಿತ್ತು."

"ಏನು?"

"ಆ ಪೆಟ್ಟಿಗೇದು ಸಾರ್."

ಅಂತೂ ಒಬ್ಬಳು ಬಂದಳಲ್ಲ ಎಂದು ಮೇಷ್ಟ್ರಿಗೆ ಖುಷಿಯೇ ಆಯಿತು. ಬೀಗದ ಕೈ ಗೊಂಚಲು ತೆಗೆದರು. ಹಾಗೆಯೇ ಬಾಯಿ ಅಭ್ಯಾಸಬಲದಿಂದ ತನ್ನ ಕೆಲಸ ಮಾಡಿತು.

"ಹಳೇದು ಎಲ್ಲಿ?"

ಹುಡುಗಿ ಕಣ್ಣು ಬಿಟ್ಟು ನೋಡಿದಳು. ಕೇಳಿಸಲಿಲ್ಲವೆಂದುಕೊಂಡ ಮೇಷ್ಟ್ರು ಮೈದಾನದ ದನಿಯಲ್ಲಿ ಮತ್ತೆ ಕೂಗಿದರು.

"ಹಳೇದು ಎಲ್ಲಮ್ಮಾ? ಹಳೇದು ಕೊಟ್ಟು ಹೊಸದು ತಗೋ. ನಿಯಮ ಗೊತ್ತಿಲ್ವಾ?"

ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಆಮೇಲೆ ಇನ್ನೊಬ್ಬ. ಆಮೇಲೆ ಇಡೀ ವರಾಂಡ. ಯಾರೋ ಹಿಂದಿನಿಂದ, "ತಂದು ಕೊಡೇ ಏಣಿ, ಸಾರ್ ಬೀರೂಲಿ ಇಡ್ತಾರೆ!" ಎಂದು ಕೂಗಿದ. ಏಣಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ತಿರುಗಿ ಗೇಟಿನಿಂದ ಆಚೆ ನಡೆದುಬಿಟ್ಟಳು. ಓಡಲಿಲ್ಲ. ಓಡುವ ಸ್ಥಿತಿಯಲ್ಲಿರಲಿಲ್ಲ.

"ನೋಡ್ರೋ ಇವಳ ಕೊಬ್ಬು," ಎಂದರು ಮೇಷ್ಟ್ರು, ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸುತ್ತ. "ಪ್ರಾಕ್ಟೀಸ್ ಬಿಟ್ಟು ಹೋದ್ಲು."

ಮನೆಗೆ ಬಂದಾಗಲೂ ಅವರ ಸಿಟ್ಟು ಇಳಿದಿರಲಿಲ್ಲ. ಹೆಂಡತಿ ಹಿತ್ತಿಲಲ್ಲಿ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಅಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದರು: ಪಂದ್ಯ, ಶಿಸ್ತು, ಈಗಿನ ಹುಡುಗಿಯರ ಸೊಕ್ಕು. ಹೆಂಡತಿಯ ಕೈ ತಂತಿಯ ಮೇಲೆಯೇ ನಿಂತಿತು.

"ಏನಂದ್ರಿ ನೀವು ಅವಳಿಗೆ?"

"ಹಳೇದು ಎಲ್ಲಿ ಅಂದೆ."

"ರೀ."

"ಏನು?"

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಮೇಷ್ಟ್ರು ಗಾಬರಿಯಾದರು. ನಗುತ್ತಿದ್ದಳು. ನಕ್ಕು ನಕ್ಕು ತಂತಿಯ ಕಂಬ ಹಿಡಿದುಕೊಂಡಳು. ಆಮೇಲೆ ನಗು ಇದ್ದಕ್ಕಿದ್ದಂತೆ ನಿಂತಿತು.

"ಅದು ಒಂದು ಸಲ ಬಳಸಿ ಸುತ್ತಿ ಬಿಸಾಡೋದು ಕಣ್ರೀ. ರಕ್ತ ಹೀರ್ಕೊಳ್ಳೋದು. ಅದನ್ನ ತಂದು ನಿಮ್ಮ ಕೈಗೆ ಕೊಡ್ಬೇಕಿತ್ತಾ ಆ ಮಗು? ಅಷ್ಟು ಹುಡುಗರ ಮುಂದೆ?"

ಮೇಷ್ಟ್ರು ತಂತಿಯ ಮೇಲಿದ್ದ ತಮ್ಮ ಟವೆಲ್ ಎಳೆದು ಮುಖ ಒರೆಸಿಕೊಂಡರು.

"ಇಷ್ಟು ವರ್ಷ ನಿಮ್ಮ ಟವೆಲ್ ಕೆಳಗೆ ನಾನು ಮರೆಮಾಡಿ ಒಣಗಿಸ್ತಿದ್ದ ಬಟ್ಟೆ ಏನು ಅಂದ್ಕೊಂಡಿದ್ರಿ?"

"ನಾನು... ನೆಲ ಒರೆಸೋ ಬಟ್ಟೆ ಅಂದ್ಕೊಂಡಿದ್ದೆ."

"ನೆಲ ಒರೆಸೋ ಬಟ್ಟೇನ ಯಾರಾದ್ರೂ ಟವೆಲ್ ಕೆಳಗೆ ಬಚ್ಚಿಡ್ತಾರಾ?"

"ನೀನು ಜಾಸ್ತಿ ಶುಚಿ ಅಂದ್ಕೊಂಡೆ."

"ಒಂದು ಮಗಳನ್ನ ಬೆಳೆಸಿ ಮದುವೆ ಮಾಡಿ ಕಳಿಸಿದ್ರಿ," ಎಂದಳು ಹೆಂಡತಿ, ಬಟ್ಟೆಯ ರಾಶಿಯನ್ನು ಅವರ ತೋಳಿಗೆ ತುರುಕುತ್ತ. "ಅವಳು ನಿಮ್ಮ ಶಾಲೇಲಿ ಓದ್ಲಿಲ್ಲ, ಬದುಕಿಕೊಂಡ್ಲು."

ಅಂದು ಮೇಷ್ಟ್ರಿಗೆ ಊಟ ಸೇರಲಿಲ್ಲ. ಅವರ ಸಂಕಟ ಏನೆಂದು ಸರಿಯಾಗಿ ಹೇಳಬೇಕು: ಅದರಲ್ಲಿ ಅರ್ಧ ಹುಡುಗಿಗಾಗಿ, ಅರ್ಧ ಸ್ಟಾಫ್ ರೂಮಿನಲ್ಲಿ ಇದು ಗೊತ್ತಾದರೆ ತನ್ನ ಗತಿಯೇನೆಂದು. ಬೆಳಗಾಗುವಷ್ಟು ಹೊತ್ತಿಗೆ ಅವರು ಒಂದು ಉಪಾಯ ಹುಡುಕಿಕೊಂಡಿದ್ದರು. ಈ ಒಂದು ಸಾಮಾನಿಗೆ ನಿಯಮವನ್ನು ಸದ್ದಿಲ್ಲದೆ ಕೈಬಿಡುವುದು. ಯಾರೂ ಏನೂ ಹೇಳುವುದು ಬೇಡ, ಎಲ್ಲರೂ ಮರೆಯುವುದು.

ಮರೆಯಲು ಬಿಡುವವರು ಬೇಕಲ್ಲ. ಬೆಳಗಿನ ಬೆಲ್ ಆಗುತ್ತಿದ್ದಂತೆ ಗೋಣಿ ಅಜ್ಜಿ ಬಂದಳು. ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿ ಗೋಣಿದಾರದಿಂದ ಬಿಗಿದ ಒಂದು ಗಂಟು. ಸೀದಾ ಹೆಡ್‌ಮೇಷ್ಟ್ರ ಕೋಣೆಗೆ ನುಗ್ಗಿ ಅದನ್ನು ಮೇಜಿನ ಮೇಲೆ ಧಪ್ಪನೆ ಇಟ್ಟಳು. ಗದ್ದಲಕ್ಕೆ ಬೀಗದ ಮೇಷ್ಟ್ರು ಪಕ್ಕದಿಂದ ಬಂದರು. ಹಿಂದೆಯೇ ವಿಜ್ಞಾನದ ಟೀಚರ್.

"ಬಂದ್ರಾ ಮೇಷ್ಟ್ರೇ? ಬನ್ನಿ ಬನ್ನಿ. ಕೇಳಿದ್ರಂತಲ್ಲ, ಹಳೇದು ಎಲ್ಲಿ ಅಂತ? ತಂದಿದೀನಿ, ತಗೊಳ್ಳಿ."

ಹೆಡ್‌ಮೇಷ್ಟ್ರು ಕುರ್ಚಿ ಸಮೇತ ಹಿಂದಕ್ಕೆ ಸರಿದು ಮೂಗಿಗೆ ಕರವಸ್ತ್ರ ಹಿಡಿದರು. ಕೆಮ್ಮಲು ನೋಡಿದರು, ಕೆಮ್ಮು ಬರಲಿಲ್ಲ.

"ಅಜ್ಜಿ, ಅದು, ತಪ್ಪಾಯ್ತು, ಅದನ್ನ ಇಲ್ಲಿ..." ಬೀಗದ ಮೇಷ್ಟ್ರ ಕೈಗಳು ಗಾಳಿಯಲ್ಲಿ ಗಂಟನ್ನು ದೂಡುತ್ತಿದ್ದವು.

"ಯಾಕೆ, ಮುಟ್ಟಲ್ವಾ? ನಿನ್ನೆ ಊರಿಗೆಲ್ಲ ಕೇಳೋ ಹಾಗೆ ಕೇಳಿದ್ರಿ, ಇವತ್ತು ಮುಟ್ಟಕ್ಕೆ ನಾಚಿಕೇನಾ? ಬಿಚ್ಚಿ ನೋಡಿ."

ಯಾರೂ ಅಲ್ಲಾಡಲಿಲ್ಲ. ಅಜ್ಜಿ ತುರುಬಿನಿಂದ ದಬ್ಬಳ ಕಿತ್ತು ದಾರಕ್ಕೆ ತೂರಿಸಿ ಹರಿದಳು. ಪೇಪರು ಬಿಚ್ಚಿಕೊಂಡಿತು.

ಒಳಗಿದ್ದದ್ದು ಶಾಲೆಯ ಲಂಗ, ಶರ್ಟು. ಒಗೆದು, ಇಸ್ತ್ರಿ ಮಾಡಿ, ಮಡಿಸಿದ್ದು. ಅದರ ಕೆಳಗೆ ಶಾಲೆಯಿಂದ ಕೊಟ್ಟ ಪಠ್ಯಪುಸ್ತಕಗಳು, ಒಂದು ಹಾಳೆಯ ಮೂಲೆಯೂ ಮಡಿಯದಂಥವು.

"ಇಗೋ ಯೂನಿಫಾರಂ. ಇಗೋ ಪುಸ್ತಕ. ನಿಮ್ಮದು ನಿಮಗೆ ಬಂತಲ್ಲ? ಹೊಸದೇನೂ ಕೊಡಬೇಡಿ. ಹುಡುಗಿ ಬರಲ್ಲ."

ಹೆಡ್‌ಮೇಷ್ಟ್ರು ಕರವಸ್ತ್ರವನ್ನು ಮೆಲ್ಲಗೆ ಮೂಗಿನಿಂದ ತೆಗೆದು, ಬೆವರು ಒರೆಸಿಕೊಳ್ಳುವುದಕ್ಕೇ ಹಿಡಿದಿದ್ದವರಂತೆ ಹಣೆಗೆ ಒತ್ತಿಕೊಂಡರು.

"ಅಜ್ಜಿ, ಅವಳ ಓದು..." ಎಂದಳು ಟೀಚರ್.

"ನೀನು ಸುಮ್ನಿರಮ್ಮ. ನಿನಗೆ ಗೊತ್ತಿತ್ತು ತಾನೇ? ಹೆಂಗಸಾಗಿ ನೀನೂ ಹೇಳ್ಲಿಲ್ಲ." ಅಜ್ಜಿ ದಬ್ಬಳವನ್ನು ತುರುಬಿಗೆ ಸಿಕ್ಕಿಸಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಬೀಗದ ಮೇಷ್ಟ್ರ ಕಡೆ ತಿರುಗಿದಳು. "ಜವಾಬ್ದಾರಿ ಅಂದಿದ್ರಿ, ಎದೆ ಮುಟ್ಕೊಂಡು."

ಅಜ್ಜಿ ಹೋದ ಮೇಲೆ ಮೊದಲು ಮಾತಾಡಿದವಳು ಟೀಚರ್. ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಪೆಟ್ಟಿಗೆ ಹೊರಗೆ ತೆಗೀರಿ ಸಾರ್. ನಾನು ಆ ರೂಮಲ್ಲಿ ಜೋಡಿಸ್ತೀನಿ." ಪಕ್ಕದ ಕುರ್ಚಿಯಿಂದ ಕೆಮ್ಮು ಬಂತು. "ಕೆಮ್ಮಿಗೆ ಬಿಸಿನೀರು ಕುಡೀರಿ ಸಾರ್," ಎಂದಳು. ಕೆಲಸ ಕಾಯಂ ಆಗದಿದ್ದರೆ ಆಗದಿರಲಿ ಎಂದು ಆ ಕ್ಷಣಕ್ಕೆ ಅನ್ನಿಸಿರಬೇಕು.

ಪೆಟ್ಟಿಗೆಗಳು ಖಾಲಿ ರೂಮಿಗೆ ಹೋದವು. ಟೀಚರ್ ಅಲ್ಲೊಂದು ಬಕೆಟ್ಟು ನೀರು, ಸೋಪು, ಮುಚ್ಚಳವಿರುವ ಕಸದ ಡಬ್ಬ ಇಡಿಸಿದಳು. ಒಳಗಿನಿಂದ ಹಾಕಿಕೊಳ್ಳಲು ಚಿಲಕ, ಹೊರಗಿನಿಂದ ಬೀಗವಿಲ್ಲ. ಡಬ್ಬಕ್ಕೆ ಹಳೆಯ ಡಬ್ಬ ಕೇಳಬಾರದೆಂದು ಮೇಷ್ಟ್ರು ನಾಲಿಗೆ ಕಚ್ಚಿ ಹಿಡಿದುಕೊಂಡದ್ದನ್ನು ಆಯಾ ಕಣ್ಣಾರೆ ಕಂಡಳು.

ಸಂಜೆ ಯೂನಿಫಾರಂ, ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಅವರು ಗಿರಣಿಗೆ ಹೋದರು. ಶೆಡ್ಡಿನ ತುಂಬ ಗೋಣಿಯ ಧೂಳು. ಅಜ್ಜಿಯ ಪಕ್ಕದಲ್ಲಿ ಏಣಿ ಕಾಲು ನೀಡಿಕೊಂಡು ಚೀಲದ ಬಾಯಿ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಆಗಲೇ ಅಜ್ಜಿಯದ್ದಕ್ಕಿಂತ ನೇರವಾಗಿತ್ತು. ಅಜ್ಜಿ ಅದನ್ನು ಕಂಡು ಒಳಗೊಳಗೇ ಖುಷಿಯಾಗಿದ್ದಳು, ಮುಖದ ಮೇಲೆ ಮಾತ್ರ ಮೊಮ್ಮಗಳ ಮಾನಕ್ಕಾಗಿ ಹೊತ್ತಿಸಿದ ಸಿಟ್ಟನ್ನು ಆರದಂತೆ ನೋಡಿಕೊಳ್ಳುತ್ತಿದ್ದಳು.

"ಎಲ್ಲಾ ಸರಿಮಾಡಿದೀವಿ ಅಜ್ಜಿ. ಹುಡುಗೀರಿಗೇ ಅಂತ ರೂಮು. ಬೀಗ ಇಲ್ಲ. ಯಾರನ್ನೂ ಕೇಳ್ಬೇಕಾಗಿಲ್ಲ."

"ಸಂತೋಷ. ಬೇರೆ ಹುಡುಗೀರಿಗೆ ಆಗುತ್ತೆ."

ಮೇಷ್ಟ್ರು ಏಣಿಯ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ. ನಿನಗೆ ಓದಬೇಕು ಅಂತಿಲ್ವಾ?"

ಅವಳು ದಾರ ಎಳೆದು ಗಂಟು ಹಾಕಿದಳು. "ಇದೆ ಸಾರ್."

"ಮತ್ತೆ?"

"ಎಲ್ಲರ ಮುಂದೆ ಕೇಳಿದ್ರಿ. ಈಗ ಇಲ್ಲಿ ಬಂದು ಹೇಳ್ತಿದೀರಿ, ಗೋಣಿ ಮುಂದೆ. ನಾನು ನಾಳೆ ಬಂದ್ರೆ ಅವರೆಲ್ಲ ಮತ್ತೆ ಹಳೇದು ತಂದ್ಯಾ ಅಂತಾರೆ. ಎಲ್ಲರ ಮುಂದೆ ಹೇಳಿ ಸಾರ್. ಆಮೇಲೆ ಬರ್ತೀನಿ."

ಅಜ್ಜಿಯ ದಬ್ಬಳ ನಿಂತಿತು. ಮೊಮ್ಮಗಳು ಹೀಗೊಂದು ಬಾಗಿಲು ತೆರೆದಿಟ್ಟದ್ದು ಅವಳಿಗೆ ಹಿಡಿಸಲಿಲ್ಲ. ಆದರೆ ಮೇಷ್ಟ್ರ ಮುಖ ನೋಡಿದ ಮೇಲೆ ಸಮಾಧಾನವಾಯಿತು. ಈ ಮನುಷ್ಯ ಹೇಳುವುದುಂಟೇ?

"ಆಯ್ತು ಬಿಡೇ," ಎಂದಳು ಧಾರಾಳವಾಗಿ. "ಇವರು ಎಲ್ಲರ ಮುಂದೆ ಹೇಳಿದ್ರೆ ನಾನೂ ಕಳಿಸ್ತೀನಿ."

ಹೆಡ್‌ಮೇಷ್ಟ್ರು ವಿಷಯ ತಿಳಿದು ಹೌಹಾರಿದರು. ಮೇಷ್ಟ್ರಾದವರು ಮಕ್ಕಳ ಮುಂದೆ ತಪ್ಪು ಒಪ್ಪಿದರೆ ನಾಳೆ ಶಾಲೆ ನಡೆಯುವುದು ಹೇಗೆ? ಅದೂ ಆ ವಿಷಯ! ಬೇಕಾದರೆ ಪ್ರಾರ್ಥನೆಯ ಹೊತ್ತಿಗೆ ಸ್ತ್ರೀಯರನ್ನು ಗೌರವಿಸಬೇಕೆಂದು ಒಂದು ಸುಭಾಷಿತ ಓದಿಸೋಣ. ಬೀಗದ ಮೇಷ್ಟ್ರಿಗೂ ಸುಭಾಷಿತವೇ ಹಿತವೆನಿಸಿತು. ಎರಡು ದಿನ ಸುಭಾಷಿತ ಓದಿಸಿದರು. ಏಣಿ ಸುಭಾಷಿತಕ್ಕೆ ಬರಲಿಲ್ಲ.

ಮೂರನೆಯ ದಿನ ಅಭ್ಯಾಸದ ಹೊತ್ತಿನಲ್ಲಿ ನೆಟ್ಟಿನ ಮುಂದಿನ ಜಾಗ ಖಾಲಿಯಿತ್ತು. ಆ ಜಾಗವನ್ನು ನೋಡುತ್ತ ನಿಂತಾಗ, ಆ ಹುಡುಗಿ ಈಗ ಚೀಲ ಹೊಲಿಯುತ್ತಿದ್ದಾಳೆ, ಇನ್ನು ಜೀವಮಾನವಿಡೀ ಹೊಲಿಯುತ್ತಾಳೆ, ತನ್ನ ಒಂದು ಮಾತಿಗೆ, ಎಂದು ಅವರಿಗೆ ಅನ್ನಿಸಿತು. ಕಪ್ಪಿನ ವಿಷಯ ಅವರಿಗೆ ಆಗ ನೆನಪಾಗಲಿಲ್ಲ. ಅವರ ಜಾತಕದಲ್ಲಿ ಇದನ್ನು ದೊಡ್ಡಕ್ಷರದಲ್ಲಿ ಬರೆದಿಡಬೇಕು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಚದುರುವ ಮುಂಚೆ ಅವರು ಸೀಟಿ ಊದಿದರು. ಹೆಡ್‌ಮೇಷ್ಟ್ರು ಕೆಮ್ಮಿದರು. ಇನ್ನೊಮ್ಮೆ ಸೀಟಿ ಊದಿ ಆ ಕೆಮ್ಮನ್ನು ಮುಳುಗಿಸಿದರು. ಮೆತ್ತಗೆ ಮಾತಾಡಲು ಅವರಿಗೆ ಬರುತ್ತಿರಲಿಲ್ಲ. ಗೊತ್ತಿದ್ದದ್ದು ಡ್ರಿಲ್ಲಿನ ದನಿಯೊಂದೇ.

"ಅಟೆನ್ಶನ್! ಎಲ್ಲರೂ ನೇರ ನೋಡಿ! ನನ್ನ ಮುಖ ನೋಡಬೇಡಿ, ಕಂಬ ನೋಡಿ! ಒಬ್ಬ ಹುಡುಗಿ ಸ್ಟೋರ್‌ಗೆ ಬಂದು ಪ್ಯಾಡ್ ಕೇಳಿದ್ಲು! ನಾನು ಹಳೇದು ಎಲ್ಲಿ ಅಂದೆ! ಅದು ತಪ್ಪು! ಅದನ್ನ ಯಾರೂ ವಾಪಸ್ ಕೊಡಲ್ಲ! ಮುಟ್ಟು ಎಲ್ಲಾ ಹೆಣ್ಣುಮಕ್ಕಳಿಗೂ ಆಗುತ್ತೆ! ನಿಮ್ಮ ಅಮ್ಮಂದಿರಿಗೂ, ಅಕ್ಕಂದಿರಿಗೂ ಆಗುತ್ತೆ! ನನಗೆ ಗೊತ್ತಿರಬೇಕಾಗಿತ್ತು, ಗೊತ್ತಿರಲಿಲ್ಲ! ನಕ್ಕ ಹುಡುಗರಿಗೂ ಗೊತ್ತಿರಲಿಲ್ಲ! ಈಗ ಗೊತ್ತಾಯ್ತು! ಇನ್ಮೇಲೆ ನಕ್ಕೋರು ಮೈದಾನದ ಸುತ್ತ ಓಡ್ತಾರೆ! ಸ್ಟ್ಯಾಂಡ್ ಅಟ್ ಈಸ್!"

ಮೈದಾನ ಕಂಬವನ್ನೇ ನೋಡುತ್ತ ನಿಂತಿತ್ತು. ಯಾರೋ ಒಬ್ಬ ನಕ್ಕ. ಅವನು ಓಡಿದ. ಸಂಜೆಯ ಹೊತ್ತಿಗೆ ಊರಲ್ಲಿ ಈ ಭಾಷಣ ಬಾಯಿಂದ ಬಾಯಿಗೆ ಹೋಗಿ, ಕ್ಷೌರದಂಗಡಿಯಲ್ಲಿ ಒಬ್ಬ ಅದನ್ನು ಸೀಟಿ ಸಮೇತ ಅಭಿನಯಿಸಿ ತೋರಿಸುತ್ತಿದ್ದ. ಮೇಷ್ಟ್ರು ಕೆಲವು ವಾರ ಕ್ಷೌರಕ್ಕೆ ಹೋಗಲಿಲ್ಲ. ಹೆಂಡತಿ ಮಾತ್ರ ಅಂದು ಅವರ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು.

ಅಜ್ಜಿ ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದಳು. ಆದರೂ ಸುಲಭಕ್ಕೆ ಸೋಲುವವಳಲ್ಲ. ಮರುದಿನ ಏಣಿ ಇಸ್ತ್ರಿ ಮಾಡಿದ ಲಂಗದಲ್ಲಿ ಶಾಲೆಗೆ ಬಂದಾಗ ಮೇಷ್ಟ್ರು ಗೇಟಿನಲ್ಲೇ ಎದುರುಗೊಳ್ಳುವ ಹಾಗೆ ನಿಂತಿದ್ದರು.

"ಬಂದ್ಯಾ! ಸಂಜೆ ಬೇಗ ಬಾ. ನಿನ್ನ ಜಾಗದಲ್ಲಿ ಆ ಕುಳ್ಳೀನ ನಿಲ್ಸಿದೀನಿ, ಚೆಂಡೆಲ್ಲ ತಲೆ ಮೇಲೆ ಹೋಗ್ತಿದೆ."

"ಆಟಕ್ಕೆ ಬರಲ್ಲ ಸಾರ್."

"ಯಾಕೆ? ಹೇಳಿದ್ನಲ್ಲ ಎಲ್ಲರ ಮುಂದೆ!"

"ಹೇಳಿದ್ರಿ. ಅದಕ್ಕೇ ಬಂದೆ. ಆದ್ರೆ ಸಂಜೆ ಅಜ್ಜಿ ಜೊತೆ ಚೀಲ ಹೊಲೀಬೇಕು. ಹಾಗಂತ ಒಪ್ಕೊಂಡಿದೀನಿ. ಹೊಲಿದ್ರೆ ಶಾಲೆ, ಇಲ್ದಿದ್ರೆ ಇಲ್ಲ."

ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟೂ ಎತ್ತರ ವ್ಯರ್ಥವಾಗುತ್ತಿದೆಯಲ್ಲ ಎಂದು ಅವರ ಮುಖದಲ್ಲಿ ಬರೆದಿತ್ತು. ಏನೋ ಹೇಳಲು ಹೊರಟವರು, ಹೇಳಿದರೆ ಅದು ಮತ್ತೆ ಗಿರಣಿಯವರೆಗೆ ಹೋಗಿ ಬರುತ್ತದೆಂದು ನೆನಪಾಗಿ ಮಾತು ಬದಲಿಸಿದರು.

"ಕ್ಲಾಸಿಗೆ ಹೋಗು. ಬೆಲ್ ಆಯ್ತು."

ಪೆಟ್ಟಿಗೆಗಳು ಬೇಗ ಖಾಲಿಯಾಗತೊಡಗಿದವು. ಚಿಕ್ಕ ಹುಡುಗಿಯರು ಮನೆಯಲ್ಲಿದ್ದ ಅಕ್ಕಂದಿರಿಗೂ ಒಯ್ದಿದ್ದರು. ಹೆಡ್‌ಮೇಷ್ಟ್ರು ಇದು ಕಳ್ಳತನವೆಂದರು. ಬೀಗದ ಮೇಷ್ಟ್ರ ಕೈ ಸೊಂಟದ ಗೊಂಚಲಿಗೆ ತಾನಾಗಿ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ಇತ್ತು, ಆಮೇಲೆ ಕೆಳಗಿಳಿಯಿತು. ಹೊಸ ಪೆಟ್ಟಿಗೆ ಕಳಿಸಿ ಎಂದು ಇಲಾಖೆಗೆ ಹೋಗಿ ಕೇಳಿ ಬಂದರು. ಕಳಿಸುತ್ತೇವೆಂದರು. ಯಾವಾಗ ಎನ್ನಲಿಲ್ಲ. ಅಲ್ಲಿಯವರೆಗೆ ಆಗಲೆಂದು ಟೀಚರ್ ಹುಡುಗಿಯರನ್ನು ಕೂರಿಸಿಕೊಂಡು, ಬಟ್ಟೆಯನ್ನು ಒಗೆದು ಬಿಸಿಲಲ್ಲಿ ಒಣಗಿಸುವುದನ್ನು ಹೇಳಿಕೊಟ್ಟಳು. ಬಿಟ್ಟುಹೋಗಿದ್ದ ಅಧ್ಯಾಯವನ್ನೂ ಜೊತೆಗೆ ಮಾಡಿ ಮುಗಿಸಿದಳು.

ಪಂದ್ಯದ ದಿನ ತಂಡದ ಅಷ್ಟೂ ಹುಡುಗಿಯರು ಬಂದರು. ಹೊಟ್ಟೆನೋವಿದ್ದ ಇಬ್ಬರು ಹೊಟ್ಟೆನೋವಿದೆ ಎಂದೇ ಹೇಳಿ ಆಡಿದರು. ಮೊದಲ ಸುತ್ತಿನಲ್ಲೇ ಸೋತರು. ಕುಳ್ಳಿ ಎಷ್ಟು ಹಾರಿದರೂ ಚೆಂಡು ಅವಳ ಬೆರಳಿನಿಂದ ಒಂದು ಗೇಣು ಮೇಲೆಯೇ ಹೋಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಡ್‌ಮೇಷ್ಟ್ರು ಸಮಾಧಾನ ಹೇಳಿದರು. "ಆ ಉದ್ದದ ಹುಡುಗಿ ಇದ್ದಿದ್ರೆ ಗೆದ್ದೇಬಿಡ್ತಿದ್ವಿ ಮೇಷ್ಟ್ರೇ. ಏನು ಮಾಡೋದು, ಇಲ್ವಲ್ಲ."

ಬೀಗದ ಮೇಷ್ಟ್ರು ಕಿಟಕಿಯ ಆಚೆ ನೋಡುತ್ತಿದ್ದರು.

"ಇದ್ದಾಳೆ," ಎಂದರು. "ಕ್ಲಾಸಲ್ಲಿದ್ದಾಳೆ."